ಕಂಬವಿಲ್ಲದ ಕಮಾನು ಶೆಡ್: ಎರೆಹೊಲದಲ್ಲಿ ನಾವೇ ಕಟ್ಟುವ ಬಗೆ

ಆಷಾಢದ ಗಾಳಿ ಎಂಥದೆಂದು ಚಿತ್ರದುರ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಗಿಮಟ್ಟಿಯ ಸಾಲುಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಭರಮಸಾಗರದ ಬಳಿ ಇರುವ ನಮ್ಮ ಹೊಲದಲ್ಲಿ ಅಂಥದೊಂದು ಗಾಳಿಗೆ ಹಳೆಯ ಶೆಡ್ಡಿನ ತಗಡುಗಳು ಕಿತ್ತು ಹಾರಿ ಪಕ್ಕದ ಈರುಳ್ಳಿ ಹೊಲದಲ್ಲಿ ಬಿದ್ದವು. ಒಳಗಿದ್ದ ಗೊಬ್ಬರದ ಚೀಲಗಳು ಒಂದೇ ರಾತ್ರಿಯಲ್ಲಿ ನೆನೆದು ಗಟ್ಟಿಯಾದವು. ಅದೇ ಜಾಗದಲ್ಲಿ ನಾನು, ಅಣ್ಣ, ಭಾವಮೈದುನ ಮತ್ತು ಊರಿನ ನಾಲ್ಕು ಜನ ಸೇರಿ 20 ಅಡಿ ಅಗಲ, 40 ಅಡಿ ಉದ್ದದ ಕಮಾನು ಶೆಡ್ ಕಟ್ಟಿದೆವು. ನೋಡಲು ಬಂದವರೆಲ್ಲ ಮೊದಲು ತಗಡಿನ ಬೆಲೆ ಕೇಳುತ್ತಾರೆ. ನಾನು ಅವರನ್ನು ಮೊದಲು ಬುನಾದಿಯ ಬಳಿ ಕರೆದೊಯ್ಯುತ್ತೇನೆ. ಈ ಬರಹದಲ್ಲೂ ಹೆಚ್ಚು ಮಾತು ಬುನಾದಿಯದೇ.

ಕಮಾನು ಶೆಡ್ ಎಂದರೆ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಕಟ್ಟಡ. ಗೋಡೆಯೂ ಅದೇ, ಚಾವಣಿಯೂ ಅದೇ. ಒಳಗೆ ಕಂಬವಿಲ್ಲ, ತೊಲೆಯಿಲ್ಲ, ಚಾವಣಿ ಹೊರುವ ತ್ರಿಕೋನ ಚೌಕಟ್ಟಿನ ಟ್ರಸ್ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಬ್ರಿಟಿಷ್ ಸೇನೆಯ ಎಂಜಿನಿಯರ್ ಪೀಟರ್ ನಿಸೆನ್ ಸೈನಿಕರಿಗಾಗಿ ಇಂಥ ಕಮಾನಿನಾಕಾರದ ತಗಡಿನ ಮನೆ ರೂಪಿಸಿದರು. 1941ರಲ್ಲಿ ಅಮೆರಿಕದ ನೌಕಾಪಡೆ ರೋಡ್ ಐಲೆಂಡ್‌ನ ಕ್ವಾನ್ಸೆಟ್ ಪಾಯಿಂಟ್ ಎಂಬಲ್ಲಿ ಅದನ್ನು ಇನ್ನೂ ತಿದ್ದಿ ದೊಡ್ಡ ಪ್ರಮಾಣದಲ್ಲಿ ಮಾಡಿಸಿತು. ಆ ಹಳೆಯವುಗಳೊಳಗೆ ಉಕ್ಕಿನ ಪಕ್ಕೆಲುಬುಗಳಿದ್ದವು. ಈಗ ಬಿಡಿಭಾಗಗಳಾಗಿ ಬರುವ, ನಾವೂ ಕೊಂಡ, ಬೋಲ್ಟ್ ಜೋಡಣೆಯ ಕಿಟ್‌ನಲ್ಲಿ ತಗಡಿನ ಆಳವಾದ ಏರಿಳಿತದ ಮಡಿಕೆಗಳೇ ಪಕ್ಕೆಲುಬಿನ ಕೆಲಸ ಮಾಡುತ್ತವೆ. ಹಾಗಾಗಿ ಒಂದು ತಗಡು ಸೊಟ್ಟಗಾದರೆ ಅದು ಅಂದಗೇಡು ಮಾತ್ರವಲ್ಲ, ಬಲವೇ ಕುಂದಿದ ಹಾಗೆ.

ಅಳತೆ ಮತ್ತು ಖರೀದಿ

ಅರ್ಧವೃತ್ತದ ಕಮಾನಿನಲ್ಲಿ ಅಂಚಿನ ಜಾಗ ಪೂರ್ತಿ ಬಳಕೆಗೆ ಸಿಗುವುದಿಲ್ಲ. 20 ಅಡಿ ಅಗಲದ ಶೆಡ್ಡಿಗೆ ನಡುಮಧ್ಯೆ 10 ಅಡಿ ಎತ್ತರವಿರುತ್ತದೆ. ಅಂಚಿನಿಂದ ಎರಡು ಅಡಿ ಒಳಗೆ 6 ಅಡಿ, ಒಂದು ಅಡಿ ಒಳಗೆ ಬರೀ 4 ಅಡಿ 4 ಇಂಚು. ಚೀಲ ಪೇರಿಸುವವರಿಗೆ ಇದು ಅಷ್ಟೇನೂ ತೊಂದರೆಯಲ್ಲ, ಕೆಳಸಾಲನ್ನು ಅಂಚಿಗಿಟ್ಟು ಮೇಲೆ ಹೋದಂತೆ ಒಳಗೆ ಸರಿದರಾಯಿತು. ಟ್ರ್ಯಾಕ್ಟರ್ ಟ್ರೈಲರ್ ನಿಲ್ಲಿಸುವವರು ಮಾತ್ರ ತಮ್ಮ ಗಾಡಿಯ ಅಗಲ, ಎತ್ತರ ಎರಡನ್ನೂ ಕಾಗದದ ಮೇಲೆ ಅರ್ಧವೃತ್ತ ಬರೆದು ಅದರೊಳಗೆ ಗುರುತಿಸಿ ನೋಡಲಿ. ನೆಟ್ಟಗಿನ ಗೋಡೆಯ ಮೇಲೆ ಕಮಾನು ಬರುವ ಮಾದರಿಯೂ ಇದೆ. ಅಲ್ಲಿ ಜಾಗ ಹೆಚ್ಚು, ಜೋಡಣೆ ಸ್ವಲ್ಪ ಕಷ್ಟ.

ಕೊಳ್ಳುವಾಗ ದಪ್ಪವನ್ನು ಗೇಜಿನ ಲೆಕ್ಕದಲ್ಲಿ ಹೇಳಿದರೆ ಒಪ್ಪಬೇಡಿ. ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ, ಅದೂ ಲೇಪ ಬಿಟ್ಟು ಉಕ್ಕಿನದೇ ದಪ್ಪ ಎಷ್ಟು ಎಂದು. ಅಲ್ಯೂಮಿನಿಯಂ–ಸತು ಲೇಪವಾದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಇರುವುದು ಒಳ್ಳೆಯದು. ಸರಕು ಬಂದಾಗ ಸ್ಕ್ರೂಗೇಜ್ ಹಿಡಿದು ಅಳೆಯಿರಿ. ಇದಕ್ಕಿಂತ ಮುಖ್ಯವಾದದ್ದು ಗಾಳಿಯ ಲೆಕ್ಕ. ಕಟ್ಟಡದ ಮೇಲೆ ಗಾಳಿಯ ಹೊರೆ ಲೆಕ್ಕಹಾಕಲು ನಮ್ಮ ದೇಶದಲ್ಲಿ ಐಎಸ್ 875ರ ಮೂರನೇ ಭಾಗ ಎಂಬ ಮಾನಕವಿದೆ. ನಿಮ್ಮ ಊರಿಗೆ ಅದರಂತೆ ಲೆಕ್ಕ ಹಾಕಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಮತ್ತು ಬುನಾದಿಯ ವಿವರ ಕೊಡಲಾಗದ ಮಾರಾಟಗಾರರಿಂದ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಬೇರೆ ಊರಿಗೆ ಮಾಡಿದ ನಕ್ಷೆ ನಿಮ್ಮ ಹೊಲಕ್ಕೆ ಆಗುವುದಿಲ್ಲ.

ಆ ಲೆಕ್ಕ ಯಾಕೆ ಬೇಕೆಂದು ನಮ್ಮ ಶೆಡ್ಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್ ಆದಾಗ ಚದರ ಮೀಟರಿಗೆ ಸುಮಾರು 66 ಕೆ.ಜಿ. ಒತ್ತಡ ಬರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಕಮಾನಿನ ನೆತ್ತಿಯ ಮೇಲೆ ಹಾಯುವ ಗಾಳಿ ಅದನ್ನು ಕೆಳಗೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಆ 66ರಲ್ಲಿ ಅರ್ಧದಷ್ಟು ಹೀರುಬಲ ಸಿಕ್ಕರೂ 74 ಚದರ ಮೀಟರಿನ ನೆಲದಳತೆಗೆ ಎರಡೂವರೆ ಟನ್ ಆಗುತ್ತದೆ. ನಮ್ಮ ಶೆಡ್ಡಿನ ಉಕ್ಕೆಲ್ಲ ಸೇರಿ ತೂಗುವುದು ಒಂದೂಕಾಲು ಟನ್. ಉಳಿದದ್ದನ್ನು ಹಿಡಿದಿಡಬೇಕಾದದ್ದು ನೆಲ.

ಜಾಗ ಮತ್ತು ದಿಕ್ಕು

ವ್ಯವಸಾಯದ ಉಪಯೋಗಕ್ಕೆ ಸ್ವಂತ ಹೊಲದಲ್ಲಿ ಶೆಡ್ ಕಟ್ಟಲು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದೇ ಶೆಡ್ಡಿನಲ್ಲಿ ಮಂಡಕ್ಕಿ ಭಟ್ಟಿಯನ್ನೋ ವರ್ಕ್‌ಶಾಪನ್ನೋ ನಡೆಸುವುದಾದರೆ ಭೂ ಪರಿವರ್ತನೆ ಬೇಕಾಗಬಹುದು. ಎರಡೂ ಸಂದರ್ಭದಲ್ಲಿ ಕೆಲಸಕ್ಕೆ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಾಗದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಹಾದಿದ್ದರೆ ಆ ಜಾಗವನ್ನು ಬಿಡಿ. ಹತ್ತಡಿ ಎತ್ತರದ ಉಕ್ಕಿನ ಕಮಾನನ್ನು ಎತ್ತಿ ನಿಲ್ಲಿಸುವಾಗ ಒಂದು ಕಡೆ ವಾಲಿ ತಂತಿಗೆ ತಾಗಿದರೂ ಸಾಕು, ಎಷ್ಟು ಜನ ಹಗ್ಗ ಹಿಡಿದಿದ್ದರೂ ಉಳಿಸಿಕೊಳ್ಳಲಾಗುವುದಿಲ್ಲ.

ಮುಂಗಾರಿನ ಗಾಳಿ ನಮಗೆ ಪಡುವಣದಿಂದ, ನೈರುತ್ಯದಿಂದ ಬರುತ್ತದೆ. ದೊಡ್ಡ ಬಾಗಿಲನ್ನು ಆ ಕಡೆಗೆ ಇಡಲೇಬಾರದು. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಒಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಹೊರಗಿನ ಗಾಳಿ ಮೇಲಕ್ಕೆ ಹೀರುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ನಮ್ಮ ಬಾಗಿಲು ಮೂಡಲಿಗಿದೆ.

ಕೆಲಸದ ಕಾಲವನ್ನೂ ಆರಿಸಿಕೊಳ್ಳಬೇಕು. ಮೆಕ್ಕೆಜೋಳದ ಒಕ್ಕಲು ಮುಗಿದು ನೆಲ ಒಣಗಿದ ಮೇಲೆ, ಡಿಸೆಂಬರಿನಲ್ಲಿ ಬುನಾದಿ, ಜನವರಿ–ಫೆಬ್ರವರಿಯಲ್ಲಿ ಜೋಡಣೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಹೇಳದೆ ಕೇಳದೆ ಬಿರುಗಾಳಿ ತರುತ್ತದೆ. ಅರ್ಧ ಕಟ್ಟಿದ ಕಮಾನಿಗೆ ಅದಕ್ಕಿಂತ ಅಪಾಯ ಬೇರೆಯಿಲ್ಲ.

ಬುನಾದಿ

ಕಮಾನಿಗೆ ಎರಡು ಸ್ವಭಾವ. ಗಾಳಿ ಬಂದಾಗ ಮೇಲೇಳಲು ನೋಡುತ್ತದೆ, ಗಾಳಿಯಿಲ್ಲದಾಗ ತನ್ನ ತೂಕದಿಂದಲೇ ಎರಡೂ ಪಾದಗಳನ್ನು ಹೊರಕ್ಕೆ ಚಾಚಲು ನೋಡುತ್ತದೆ. ಬುನಾದಿ ಎರಡನ್ನೂ ತಡೆಯಬೇಕು. ಇದರ ಮೇಲೆ ದಾವಣಗೆರೆ, ಚಿತ್ರದುರ್ಗಗಳ ಎರೆಮಣ್ಣಿನ ಕಾಟ ಬೇರೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣು ಅದು. ಅದರ ಮೇಲೆಯೇ ಕಾಂಕ್ರೀಟ್ ಹಾಕಿದರೆ ಎರಡು ವರ್ಷದಲ್ಲಿ ಪಾದಗಳು ಏರುಪೇರಾಗಿ ತಗಡಿನ ರಂಧ್ರಗಳು ಹರಿದುಕೊಳ್ಳುತ್ತವೆ.

ಮೊದಲು ಒಂದು ಮೂಲೆಯಲ್ಲಿ ಗುಂಡಿ ತೋಡಿ ಎರೆ ಎಷ್ಟು ಆಳಕ್ಕಿದೆ ನೋಡಿ. ನಮ್ಮಲ್ಲಿ ಮೂರೂವರೆ ಅಡಿಗೆ ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣು, ಸಿಕ್ಕಿತು, ಹಾಗಾಗಿ ಎರೆಯನ್ನು ಪೂರ್ತಿ ತೆಗೆದು ಗಟ್ಟಿ ಗರಸಿನ ಮೇಲೆ ಕೂತೆವು. ಒಳಗಿನ ನೆಲಕ್ಕೂ ಗರಸನ್ನೇ ತುಂಬಿಸಿ, ಆರಾರು ಇಂಚಿನ ಪದರಕ್ಕೊಮ್ಮೆ ನೀರು ಚಿಮುಕಿಸಿ ದಮ್ಮಸ್ಸು ಹೊಡೆಸಿದೆವು. ಎರೆ ತುಂಬಾ ಆಳಕ್ಕಿದ್ದರೆ ಅದನ್ನೆಲ್ಲ ತೆಗೆಯುವುದು ಆಗದ ಮಾತು. ಆಗ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಪೈಲ್‌ಗಳನ್ನು, ಅಂದರೆ ನೆಲದಾಳದ ಕಾಂಕ್ರೀಟ್ ಕಂಬಗಳನ್ನು, ಇಳಿಸಿ ಅವುಗಳ ಮೇಲೆ ತೊಲೆ ಹಾಕುತ್ತಾರೆ. ಅದನ್ನು ಎಂಜಿನಿಯರ್ ತೀರ್ಮಾನಿಸಲಿ.

ನಮಗೆ ಕೊಟ್ಟ ನಕ್ಷೆಯಲ್ಲಿ ಎರಡೂ ಉದ್ದ ಬದಿಗೆ ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಕಾಂಕ್ರೀಟ್ ತೊಲೆ ಇತ್ತು. ಅವೆರಡರದೇ ತೂಕ ಸುಮಾರು 16 ಟನ್. ಎರಡೂವರೆ ಟನ್ ಮೇಲೆಳೆತಕ್ಕೆ ಇಷ್ಟು ಯಾಕೆ ಎಂದು ಅಣ್ಣ ಕೇಳಿದ್ದ. ಗಾಳಿ ಶೆಡ್ಡನ್ನು ನೇರ ಮೇಲೆತ್ತುವುದಲ್ಲದೆ ಒಂದು ಪಕ್ಕಕ್ಕೆ ತಳ್ಳಿ ಮಗುಚಲೂ ನೋಡುತ್ತದೆ, ಪಾದ ಹೊರಚಾಚುವುದನ್ನೂ ಅದೇ ತೊಲೆ ತಡೆಯಬೇಕು ಎಂದು ಎಂಜಿನಿಯರ್ ವಿವರಿಸಿದರು. ಪಾದಗಳು ಸರಿಯದಂತೆ ನೆಲದೊಳಗೇ ಅಡ್ಡಕಂಬಿಗಳನ್ನು ಎಳೆದು ಎರಡೂ ತೊಲೆಗಳನ್ನು ಒಂದಕ್ಕೊಂದು ಬಿಗಿಸಿದೆವು. ಮೇಲೆ ನೆಲದ ಕಾಂಕ್ರೀಟ್ ಬಿದ್ದ ಮೇಲೆ ಅವು ಕಾಣುವುದಿಲ್ಲ. ದುಡ್ಡು ಉಳಿಸಲು ಜನ ಮೊದಲು ಬಿಡುವುದೂ ಇವನ್ನೇ. ದಯವಿಟ್ಟು ಬಿಡಬೇಡಿ.

ಗೆರೆ ಹಾಕುವಾಗ ಮೂಲೆಗೆ ಮೂರು–ನಾಲ್ಕು–ಐದರ ಲೆಕ್ಕ (ಮೂರು, ನಾಲ್ಕು ಅಡಿಯ ಬದಿಗಳಿಗೆ ಐದಡಿ ಕರ್ಣ ಬಂದರೆ ಮೂಲೆ ನೇರ) ಸಾಲದು, ಕರ್ಣ ಅಳೆಯಬೇಕು. 20 ಅಡಿಗೆ 40 ಅಡಿಯ ಆಯತಕ್ಕೆ ಎರಡೂ ಕರ್ಣಗಳು 44 ಅಡಿ 8 ಇಂಚು, ಮೇಲೆ ಅರ್ಧ ಇಂಚು ಚಿಲ್ಲರೆ ಬರಬೇಕು. ಒಂದಕ್ಕೊಂದು ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸವಿರಬಾರದು. ನಾವು ದಾರ ಕಟ್ಟಿದಾಗ ಅಳೆದೆವು, ಸೆಂಟ್ರಿಂಗ್ ಹಲಗೆ ನಿಲ್ಲಿಸಿದಾಗ ಅಳೆದೆವು, ಕಾಂಕ್ರೀಟ್ ಸುರಿದ ಮೇಲೆ ಅಳೆಯಲಿಲ್ಲ. ಒಂದು ಉದ್ದ ಬದಿಯ ಹಲಗೆ ಕಾಂಕ್ರೀಟಿನ ಒತ್ತಡಕ್ಕೆ ಒಂದು ತುದಿಯಲ್ಲಿ ಒಂದೂಕಾಲು ಇಂಚು ಸರಿದಿದ್ದು ಮರುದಿನ ಬೆಳಗ್ಗೆ ಗೊತ್ತಾಯಿತು. ಅಷ್ಟರಲ್ಲಿ ಗಟ್ಟಿಯಾಗಿತ್ತು. ಉಳಿ, ಸುತ್ತಿಗೆ ಹಿಡಿದು ಎರಡು ದಿನ ಒಡೆದು ಸರಿಮಾಡಿದೆವು. ಹಸಿ ಇರುವಾಗಲೇ ಮೂರನೇ ಸಲ ಅಳೆದಿದ್ದರೆ ಹಲಗೆಗೆ ನಾಲ್ಕು ಏಟು ಕೊಟ್ಟು ಮುಗಿಸಬಹುದಿತ್ತು.

ತೊಲೆಯ ನೆತ್ತಿಯಲ್ಲಿ ಉದ್ದಕ್ಕೂ ಒಂದು ಕಾಲುವೆ ಬಿಡಬೇಕು. ಕಮಾನಿನ ಪಾದ ಅದರೊಳಗೆ ನಿಲ್ಲುತ್ತದೆ. ತಗಡಿನ ಮಡಿಕೆಯ ಆಳಕ್ಕಿಂತ ಅದು ಎರಡು ಇಂಚಾದರೂ ಅಗಲವಿರಲಿ, ಆಚೀಚೆ ಸರಿಸಿ ಕೂರಿಸಲು ಆ ಜಾಗ ಬೇಕಾಗುತ್ತದೆ. ಕಾಲುವೆಯ ತಳ ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ರಸಮಟ್ಟದ ಕಡ್ಡಿ 40 ಅಡಿಗೆ ಮೋಸ ಮಾಡುತ್ತದೆ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡಿ. ಕಾಲುವೆಯಲ್ಲಿ ಅಲ್ಲಲ್ಲಿ ತೊಲೆಯ ಕಂಬಿಗೆ ಕಟ್ಟಿದ ಕೊಕ್ಕೆಗಳನ್ನು ಮೇಲಕ್ಕೆ ಬಿಡಿಸಿಕೊಳ್ಳಿ.

ಕಾಂಕ್ರೀಟು ಸಿಮೆಂಟ್ ಒಂದಕ್ಕೆ ಮರಳು ಒಂದೂವರೆ, ಜಲ್ಲಿ ಮೂರರ ಮಿಶ್ರಣ. ಒಂದು ಚೀಲ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಬೇಡ. ಮೇಸ್ತ್ರಿಗಳು ಸುರಿಯಲು ಸಲೀಸಾಗಲೆಂದು ಕೊಳಾಯಿಯನ್ನೇ ಬಿಡುತ್ತಾರೆ, ಪಕ್ಕದಲ್ಲಿ ನಿಂತು ಬಿಂದಿಗೆ ಲೆಕ್ಕ ಇಡಿ. ಗೋಣಿತಟ್ಟು ಹೊದಿಸಿ ಕನಿಷ್ಠ ಹತ್ತು ದಿನ, ಒಣಗಾಳಿ ಇದ್ದರೆ ಎರಡು ವಾರ ನೀರುಣಿಸಿ. ಪೂರ್ಣ ಬಲಕ್ಕೆ 28 ದಿನ. ಆ ತಿಂಗಳನ್ನು ಉಳಿದ ತಯಾರಿಗೆ ಬಳಸಿಕೊಳ್ಳಬಹುದು.

ಸರಕು ಬಂದ ದಿನ

ಲಾರಿ ಇಳಿಸುವಾಗಲೇ ತಗಡು, ಬೋಲ್ಟು, ನಟ್ಟು, ವಾಷರುಗಳನ್ನು ಪಟ್ಟಿಯೊಂದಿಗೆ ಎಣಿಸಿ ಸಹಿ ಹಾಕಿ. ನಮ್ಮದರಲ್ಲಿ 20 ಕಮಾನು, ಪ್ರತಿ ಕಮಾನಿಗೆ ಐದು ತಗಡು, ಒಟ್ಟು ನೂರು. ತಗಡುಗಳನ್ನು ಮರದ ತುಂಡುಗಳ ಮೇಲೆ, ಒಂದು ತುದಿ ತುಸು ಎತ್ತರವಾಗಿ ಇಡಿ. ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಮುಚ್ಚಬೇಡಿ. ಒಂದರ ಮೇಲೊಂದು ಅಂಟಿಕೊಂಡ ತಗಡಿನ ನಡುವೆ ಇಬ್ಬನಿಯ ನೀರು ನಿಂತರೆ ಹದಿನೈದು ದಿನದಲ್ಲೇ ಬಿಳಿ ತುಕ್ಕು ಹಿಡಿಯುತ್ತದೆ.

ಕಮಾನು ಎಬ್ಬಿಸುವುದು

ಆರೇಳು ಜನ ಬೇಕು. ಇಬ್ಬರಿಗೆ ಬೋಲ್ಟ್ ಬಿಗಿಯುವ ಚಾರ್ಜಿಂಗ್ ಇಂಪ್ಯಾಕ್ಟ್ ಡ್ರೈವರ್, ಉಳಿದವರಿಗೆ ಸ್ಪ್ಯಾನರ್, ರಂಧ್ರ ಕೂಡಿಸಲು ತುದಿ ಮೊನಚಾದ ಕಂಬಿ, ದಪ್ಪ ಕೈಗವಸು, ಹೆಲ್ಮೆಟ್, ಸುರಕ್ಷತಾ ಬೆಲ್ಟ್, ನಾಲ್ಕು ಉದ್ದ ಹಗ್ಗ. ಏಣಿಯ ಮೇಲೆ ನಿಂತು ಇಡೀ ಕೆಲಸ ಮಾಡುತ್ತೇನೆಂದರೆ ಆಗದು, ಚಕ್ರವಿರುವ ಸಾರವೆಯನ್ನು ದಾವಣಗೆರೆಯಲ್ಲೋ ದುರ್ಗದಲ್ಲೋ ಬಾಡಿಗೆಗೆ ತನ್ನಿ. ತಗಡಿನ ಅಂಚು ಕುಡುಗೋಲಿನಷ್ಟೇ ಹರಿತ ಎಂಬುದನ್ನು ಕೆಲಸಕ್ಕೆ ಬಂದ ಹುಡುಗರಿಗೆ ಮೊದಲೇ ತಿಳಿಸಿ.

ಪಾದ ಹೂಳುವ ಭಾಗಕ್ಕೆ ಮೊದಲೇ ಎರಡು ಕೈ ಡಾಂಬರು ಬಣ್ಣ ಹಚ್ಚಿ ಒಣಗಿಸಿ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ–ಸತುವಿನ ಲೇಪವನ್ನು ತಿನ್ನುತ್ತದೆ.

ಮೊದಲ ಕಮಾನಿನ ಐದು ತಗಡುಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ. ಅದರ ತೂಕ 60 ಕೆ.ಜಿ. ಆಸುಪಾಸು, ಭಾರಕ್ಕಿಂತ ಬಳುಕಾಟವೇ ಕಷ್ಟ. ಇಬ್ಬರು ಪಾದಗಳನ್ನು ಕಾಲುವೆಗೆ ಒತ್ತಿ ಹಿಡಿಯಲಿ, ಮೂವರು ನೆತ್ತಿಯನ್ನು ಎತ್ತುತ್ತಾ ಬರಲಿ, ಇಬ್ಬರು ಎದುರಿನಿಂದ ಹಗ್ಗ ಎಳೆಯಲಿ. ನೆಟ್ಟಗೆ ನಿಂತ ಕೂಡಲೇ ಮುಂದೆ ಎರಡು, ಹಿಂದೆ ಎರಡು ಹಗ್ಗಗಳನ್ನು ಗೂಟಗಳಿಗೆ ಬಿಗಿದು ತೂಕದ ಗುಂಡು ಬಿಟ್ಟು ನೋಡಿ. ಈ ಮೊದಲ ಕಮಾನು ನೆಟ್ಟಗಿದ್ದರೆ ಉಳಿದ ಹತ್ತೊಂಬತ್ತೂ ಅದನ್ನೇ ಅನುಸರಿಸುತ್ತವೆ. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ. ಎರಡನೆಯದೂ ಮೂರನೆಯದೂ ಸೇರಿದ ಮೇಲೆ ಮಡಿಕೆಗಳು ಒಂದಕ್ಕೊಂದು ಕಚ್ಚಿ ಬಳುಕಾಟ ನಿಲ್ಲುತ್ತದೆ.

ಬೋಲ್ಟುಗಳನ್ನು ಮೊದಲು ಕೈಯಿಂದ ಸಿಕ್ಕಿಸಿ, ಅರ್ಧ ಬಿಗಿ ಸಾಕು. ಮೂರು–ನಾಲ್ಕು ಕಮಾನು ನಿಂತ ಮೇಲೆ ಹಿಂದಿನವನ್ನು ಪೂರ್ತಿ ಬಿಗಿಯಿರಿ. ಒಬ್ಬರು ಹೊರಗೆ ತಲೆ ಹಿಡಿದರೆ ಒಬ್ಬರು ಒಳಗೆ ನಟ್ಟು ತಿರುಗಿಸಬೇಕು. ರಬ್ಬರ್ ವಾಷರ್ ಅಂಚಿನಲ್ಲಿ ತುಸು ಉಬ್ಬಿದರೆ ಬಿಗಿ ಸರಿಯಾಗಿದೆ ಎಂದರ್ಥ. ಹಿಸುಕಿ ಹೊರಬಂದರೆ ಅತಿಯಾಯಿತು, ಮುಂದಿನ ಮಳೆಗೆ ಅಲ್ಲೇ ಸೋರುತ್ತದೆ.

ಇಲ್ಲಿ ಯಾವ ಕೈಪಿಡಿಯೂ ಒತ್ತಿ ಹೇಳದ ಒಂದು ಮಾತಿದೆ. ಈ ಮಡಿಕೆಯ ತಗಡು ಹಾರ್ಮೋನಿಯಂ ತಿದಿಯಂತೆ. ಬೋಲ್ಟ್ ಬಿಗಿಯುವ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಪ್ರತಿ ಕಮಾನು ಒಂದೆರಡು ಮಿಲಿಮೀಟರ್ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಹನ್ನೆರಡನೆಯ ಕಮಾನು ನಿಲ್ಲಿಸಿದಾಗ ನಮ್ಮದು ಬಡಗಣ ಬದಿಯಲ್ಲಿ ತೆಂಕಣ ಬದಿಗಿಂತ ಎರಡು ಇಂಚು ಮುಂದೆ ಹೋಗಿತ್ತು. ಐದು ಕಮಾನು ಸಡಿಲಿಸಿ ಮತ್ತೆ ಕೂರಿಸಬೇಕಾಯಿತು. ಕಾಲುವೆಯ ಅಂಚಿನಲ್ಲಿ ಮೊದಲೇ ಎರಡೆರಡು ಅಡಿಗೆ ಸೀಮೆಸುಣ್ಣದ ಗುರುತು ಹಾಕಿ, ಪ್ರತಿ ಕಮಾನಿನ ಪಾದವನ್ನು ಎರಡೂ ಬದಿಯಲ್ಲಿ ಆ ಗುರುತಿಗೆ ಕೂರಿಸಿದ ಮೇಲೆಯೇ ಮುಂದಿನದನ್ನು ಎತ್ತಿ.

ಬೆಳಗಿನ ಆರರಿಂದ ಹನ್ನೊಂದರವರೆಗೆ ಗಾಳಿ ಕಡಿಮೆ, ತಗಡೂ ಕಾದಿರುವುದಿಲ್ಲ. ತೆಂಗಿನ ಗರಿಗಳು ಒಂದೇ ಕಡೆಗೆ ಬಾಗತೊಡಗಿದರೆ ಹೊಸ ಕಮಾನು ಎತ್ತಬೇಡಿ. ಸಂಜೆ ಮನೆಗೆ ಹೋಗುವ ಮುನ್ನ ನಿಂತಿರುವಷ್ಟನ್ನೂ ಎರಡೂ ಬದಿಗೆ ಹಗ್ಗ ಹಾಕಿ ಕಟ್ಟಿ. ನಾವು ಒಂದು ಬದಿಗೆ ಟ್ರ್ಯಾಕ್ಟರನ್ನೇ ನಿಲ್ಲಿಸಿ ಅದಕ್ಕೆ ಬಿಗಿದಿದ್ದೆವು. ನಮಗೆ ಒಟ್ಟು ಒಂಬತ್ತು ದಿನ ಹಿಡಿಯಿತು.

ಗಾರೆ ತುಂಬುವುದು

ಕೊನೆಯ ಕಮಾನು ನಿಂತ ಮೇಲೆ ಎರಡೂ ಕರ್ಣ, ಎರಡೂ ಉದ್ದ, ನಾಲ್ಕು ಕಡೆ ಅಗಲ ಮತ್ತೊಮ್ಮೆ ಅಳೆಯಿರಿ. ಪಾದದ ರಂಧ್ರಗಳಲ್ಲಿ ಕಂಬಿ ತೂರಿಸಿ ಮೊದಲೇ ಬಿಟ್ಟ ಕೊಕ್ಕೆಗಳಿಗೆ ಕಟ್ಟಿ, ಆಮೇಲೆ ಕಾಲುವೆಗೆ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿ ಕಂಬಿಯಿಂದ ಚುಚ್ಚಿ ಗಾಳಿ ಹೊರಡಿಸಿ. ಎರಡೂ ಬದಿಯನ್ನು ಒಂದೇ ದಿನ ತುಂಬಿ. ಮೇಲ್ಮೈ ಹೊರಕ್ಕೆ ಇಳಿಜಾರಾಗಿರಲಿ, ಪಾದದ ಬಳಿ ನೀರು ನಿಲ್ಲಬಾರದು. ಇದು ಗಟ್ಟಿಯಾಗುವ ತನಕ ಹಗ್ಗ ಬಿಚ್ಚಬೇಡಿ.

ತುದಿಗೋಡೆಗಳನ್ನು ತಗಡಿನಲ್ಲಿ ಮುಚ್ಚಬಹುದು, ಸಿಮೆಂಟ್ ಇಟ್ಟಿಗೆಯಲ್ಲೂ ಕಟ್ಟಬಹುದು. ಒಂದೊಂದು ತುದಿ 157 ಚದರ ಅಡಿ. ಇಟ್ಟಿಗೆಯಾದರೆ ಗೋಡೆ ತನ್ನ ಬುನಾದಿ, ತನ್ನ ಕಂಬಗಳ ಮೇಲೆ ತಾನೇ ನಿಲ್ಲಬೇಕು, ಕಮಾನಿಗೆ ಒರಗಬಾರದು. 31 ಅಡಿ ಉದ್ದದ ಕಮಾನು 40 ಡಿಗ್ರಿಯ ವ್ಯತ್ಯಾಸಕ್ಕೆ ನಾಲ್ಕೈದು ಮಿಲಿಮೀಟರ್ ಹಿಗ್ಗುತ್ತದೆ. ನಡುವೆ ಒಂದು ಇಂಚು ಸಂದು ಬಿಟ್ಟು ರಬ್ಬರ್ ಪಟ್ಟಿಯಿಂದ ಮುಚ್ಚಿ. ಗಾರೆ ಮೆತ್ತಿದರೆ ಮೊದಲ ಬೇಸಿಗೆಗೇ ಬಿರುಕು ಬಿಡುತ್ತದೆ. ಭೂಸಂಪರ್ಕದ (ಅರ್ಥಿಂಗ್) ತಂತಿ ಎಳೆಯುವುದನ್ನು ಮರೆಯಬೇಡಿ.

ಬಿಸಿಲು, ಬೆವರು, ತುಕ್ಕು

ಏಪ್ರಿಲ್‌ನಲ್ಲಿ ಒಳಗೆ ನಿಲ್ಲಲಾಗದಷ್ಟು ಸೆಕೆ. ನೆತ್ತಿಯಲ್ಲಿ ತಿರುಗುವ ಗಾಳಿಗೂಡುಗಳು, ತುದಿಗೋಡೆಗಳ ಕೆಳಗೆ ಜಾಲರಿ ಕಿಂಡಿಗಳು ಎರಡೂ ಇದ್ದರೆ ಬಿಸಿಗಾಳಿ ಮೇಲೆ ಹೋಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಇದಕ್ಕೆ ತಿರುಗುಮುರುಗು: ತಗಡಿನ ಒಳಮೈ ಬೆವರಿ ಹನಿ ತೊಟ್ಟಿಕ್ಕುತ್ತದೆ. ಮೆಕ್ಕೆಜೋಳವನ್ನು ತೇವಾಂಶ ಶೇಕಡ 14ಕ್ಕಿಂತ ಕೆಳಗೆ ಇಳಿಯುವ ತನಕ ಒಣಗಿಸಿ ಒಳಗಿಡಿ. ಹಸಿ ಕಾಳು ತುಂಬಿದರೆ ಅದರ ತೇವವೇ ಮೇಲೇರಿ ನೀರಾಗಿ ಅದರ ಮೇಲೆಯೇ ಬೀಳುತ್ತದೆ. ಒಳಮೈಗೆ ಉಷ್ಣನಿರೋಧಕ ಹೊದಿಕೆ ಅಂಟಿಸಿದರೆ ಬಿಸಿಲು, ಬೆವರು ಎರಡಕ್ಕೂ ಮದ್ದು. ದುಡ್ಡು ಕೂಡಿದ ಮೇಲೆ ಎರಡನೇ ವರ್ಷ ನಾವು ಅದನ್ನು ಮಾಡಿಸಿದೆವು.

ಚಳ್ಳಕೆರೆಯ ಕಡೆಯ ಕುರಿ ಸಾಕುವ ಸ್ನೇಹಿತರು ಇಂಥದನ್ನೇ ಕುರಿದೊಡ್ಡಿಗೆ ಕಟ್ಟಬಹುದೇ ಎಂದು ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಗಂಜಲದ ಅಮೋನಿಯಾ ಮುಚ್ಚಿದ ಕಮಾನಿನೊಳಗೆ ತುಂಬಿಕೊಂಡು ಲೇಪವನ್ನು ತಿನ್ನುತ್ತದೆ, ಕುರಿಗಳ ಉಸಿರಿಗೂ ಒಳ್ಳೆಯದಲ್ಲ. ರಸಗೊಬ್ಬರದ ಚೀಲಗಳನ್ನೂ ತಗಡಿಗೆ ತಾಗಿಸದೆ, ಹಲಗೆಯ ಮೇಲೆ ಒಂದೂವರೆ ಅಡಿ ದೂರ ಇಡಿ.

ಕಮಾನಿಗೆ ಸೂರಂಚು ಇರುವುದಿಲ್ಲ, ಬಿದ್ದ ಮಳೆಯೆಲ್ಲ ನೇರ ಬುಡಕ್ಕೆ ಬರುತ್ತದೆ. 25 ಮಿಲಿಮೀಟರ್ ಮಳೆಗೆ ನಮ್ಮ ಶೆಡ್ಡಿನಿಂದ 1,850 ಲೀಟರ್ ನೀರು ಇಳಿಯುತ್ತದೆ. ಎರೆಮಣ್ಣಿನ ಬುನಾದಿಯ ಪಕ್ಕ ಆ ನೀರು ಇಂಗಬಾರದು. ಎರಡೂ ಬದಿಗೆ ಮೂರಡಿ ಅಗಲದ ಕಾಂಕ್ರೀಟ್ ಹಾಸು, ಅದರಾಚೆ ಚರಂಡಿ ಮಾಡಿ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಿದ್ದೇವೆ.

ಮೊದಲ ಮುಂಗಾರಿನಲ್ಲಿ ಜೋರು ಮಳೆ ಬರುವಾಗ ಒಳಗೆ ಟಾರ್ಚ್ ಹಿಡಿದು ನಿಂತು ಸೋರುವ ಬೋಲ್ಟುಗಳಿಗೆ ಸೀಮೆಸುಣ್ಣದಿಂದ ಗುರುತು ಮಾಡಿ. ಎರಡು ಸಾವಿರದ ಆಸುಪಾಸಿನ ಬೋಲ್ಟುಗಳಲ್ಲಿ ನಮಗೆ ಹದಿನಾಲ್ಕು ಸಿಕ್ಕವು. ವಾಷರ್ ಬದಲಿಸಿದೆವು. ಆಷಾಢ ಮುಗಿದ ಮೇಲೆ ಒಮ್ಮೆ, ಅಲ್ಲಿಂದ ವರ್ಷಕ್ಕೊಮ್ಮೆ ಉಗಾದಿಯ ಹಿಂದುಮುಂದು ಸ್ಪ್ಯಾನರ್ ಹಿಡಿದು ಪಾದದ ಸಾಲು, ನೆತ್ತಿಯ ಸಾಲು ಎರಡನ್ನೂ ಮುಟ್ಟಿ ನೋಡಿ, ಗೀರು ಬಿದ್ದಲ್ಲಿ ಸತುವಿನ ಬಣ್ಣ ಹಚ್ಚಿ.